ಛತ್ರಿ ತಾಪತ್ರಯ ಮೀಮಾಂಸೆ

ಛತ್ರಿಗಳಲ್ಲಿ ಎರಡು ಬಗೆ: ಮಳೆ ಬಂದಾಗ ಬಿಚ್ಚುವುದು, ಮಳೆ ಬಂದಾಗ ಕೈಕೊಡುವುದು. ಈ ಗ್ರಂಥದ ವಿಷಯ ಎರಡನೆಯದು. ತಾರಸಿಯ ಮೂಲೆಯಲ್ಲಿ ಆಕಾಶಕ್ಕೆ ಬಾಯಿ ತೆರೆದು ನಿಂತಿರುವ ಡಿಶ್ಶನ್ನು ನಮ್ಮವ್ವ ಮೊದಲ ದಿನವೇ ಛತ್ರಿ ಎಂದು ಕರೆದಳು. ಮಡಚಲು ಬಾರದ, ಹಿಡಿ ಇಲ್ಲದ, ಕೆಳಗೆ ನಿಂತರೆ ತಲೆ ನೆನೆಯುವ ವಸ್ತುವಿಗೆ ಆ ಹೆಸರು ಹೇಗೆ ಒಪ್ಪುತ್ತದೆ ಎಂಬ ವ್ಯುತ್ಪತ್ತಿ ವಿಚಾರವನ್ನು ಬೇರೆ ಸಂಪುಟಕ್ಕೆ ಎತ್ತಿಟ್ಟಿದ್ದೇನೆ. ಛತ್ರಿ ಎಂಬುದಕ್ಕೆ ನಮ್ಮ ಕಡೆ ಮೂರನೆಯ ಅರ್ಥವೂ ಒಂದುಂಟು, ಅದು ಮನುಷ್ಯರಿಗೆ ಸಲ್ಲುವಂಥದ್ದು. ಅದರ ಪ್ರಸ್ತಾಪ ಸದ್ಯಕ್ಕೆ ಬೇಡ.

ಗ್ರಂಥಕರ್ತನ ಯೋಗ್ಯತೆಯನ್ನು ಮೊದಲೇ ಹೇಳಿಬಿಡುವುದು ಶಾಸ್ತ್ರಸಂಪ್ರದಾಯ. ನಾನು ಅರಸೀಕೆರೆಯ ನಿವೃತ್ತ ಕನ್ನಡ ಮೇಷ್ಟ್ರು. ಛಂದಸ್ಸು, ಅಲಂಕಾರ ಬಲ್ಲೆ. ಇವೆರಡಕ್ಕಿಂತ ಚೆನ್ನಾಗಿ ವೈರು ಹೊಸೆಯುವುದನ್ನು ಬಲ್ಲೆ. ಚಿಕ್ಕಂದಿನಲ್ಲಿ ತೆಂಗಿನ ನಾರು ಹೊಸೆದು ಹುರಿ ಮಾಡಿದ ಕೈ ಇದು. ಕೇಬಲ್ ಉದ್ದ ಸಾಲದೇ ಹೋದಾಗ ಹಲ್ಲಿನಿಂದ ಸಿಪ್ಪೆ ಸುಲಿದು, ತಾಮ್ರಕ್ಕೆ ತಾಮ್ರ ಸುತ್ತಿ, ಮೇಲೆ ಕಪ್ಪು ಟೇಪು ಬಿಗಿದರೆ ಮುಗಿಯಿತು. ನನ್ನ ಈ ಕೈಗುಣ ಬೀದಿಗೆಲ್ಲ ಗೊತ್ತು. ಕರೆದವರ ಮನೆಗೆ ಹೋಗಿ ಕಾಸು ಕೇಳದೆ ಹೊಸೆದುಕೊಟ್ಟಿದ್ದೇನೆ. ಒಂದು ಲೋಟ ಕಾಫಿ, ಹೆಚ್ಚೆಂದರೆ ಒಂದು ಕೋಡುಬಳೆ.

ಇನ್ನು ಉಪದ್ರವದ ಲಕ್ಷಣ. ಸಂಜೆ ಏಳರ ಮೇಲೆ, ಧಾರಾವಾಹಿ ಕಾವೇರುವ ಹೊತ್ತಿಗೆ, ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಅತ್ತೆಯ ಕಣ್ಣು ಸೊಸೆಯ ಕೆನ್ನೆಯ ಮೇಲೆ ಬಂದು ಕೂರುತ್ತದೆ. ಮಾತು ತೊದಲುತ್ತದೆ. ಆಮೇಲೆ ಪರದೆ ಕಪ್ಪಾಗಿ, ಸಿಗ್ನಲ್ ಇಲ್ಲ ಎಂಬ ಆಕಾಶವಾಣಿ ಮೂಡುತ್ತದೆ. ವಿಚಿತ್ರವೇನೆಂದರೆ ಎಲ್ಲ ಚಾನೆಲ್ಲೂ ಹೋಗುವುದಿಲ್ಲ. ಐದಾರು ಮಾತ್ರ ಒಟ್ಟಿಗೆ ಮೂರ್ಛೆ ಹೋಗುತ್ತವೆ. ಪಕ್ಕದ ನಂಬರಿನಲ್ಲಿ ಸುದ್ದಿ ಓದುವವನು ಎಂದಿನಂತೆ ಕಿರುಚುತ್ತಲೇ ಇರುತ್ತಾನೆ. ಈ ಲಕ್ಷಣವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ನಮ್ಮಲ್ಲಿ ಗ್ಯಾಸ್ ಮುಗಿದರೂ ತಾಪತ್ರಯ, ರೈಲು ತಪ್ಪಿದರೂ ತಾಪತ್ರಯ. ತಾಪಗಳು ಮೂರು ಎಂಬುದನ್ನೇ ಜನ ಮರೆತಿದ್ದಾರೆ. ದೈವದಿಂದ ಬಂದದ್ದು ಆಧಿದೈವಿಕ, ಅನ್ಯ ಜೀವಿಗಳಿಂದ ಬಂದದ್ದು ಆಧಿಭೌತಿಕ, ತನ್ನಿಂದಲೇ ತನಗೆ ಬಂದದ್ದು ಆಧ್ಯಾತ್ಮಿಕ. ಡಿಶ್ಶಿನ ರೋಗಗಳನ್ನೂ ಹೀಗೆಯೇ ವಿಂಗಡಿಸಬೇಕೆಂಬುದು ನನ್ನ ಮತ.

ಆಧಿದೈವಿಕದಲ್ಲಿ ಮಳೆ ಮುಖ್ಯ. ಮನೆಯ ಡಿಶ್ಶಿಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು, ದಪ್ಪ ಹನಿಯ ಮಳೆ ಅದನ್ನು ಹೀರಿಕೊಂಡುಬಿಡುತ್ತದೆ. ಇದರ ಜೊತೆಗೆ ಸೂರ್ಯಬಾಧೆ. ಮಾರ್ಚ್ ನಡುವಿನಲ್ಲೊಮ್ಮೆ, ಸೆಪ್ಟೆಂಬರ್ ಕೊನೆಯ ಆಸುಪಾಸಿನಲ್ಲೊಮ್ಮೆ, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಹಾದು ಹೋಗುವ ಕೆಲವು ನಿಮಿಷ ಡಿಶ್ಶಿಗೆ ಸೂರ್ಯನ ಗದ್ದಲವೇ ಕೇಳುತ್ತದೆ. ಹಿಂದಿನವರಾಗಿದ್ದರೆ ಸ್ನಾನ ಮಾಡಿ ದರ್ಭೆ ಹಾಕುತ್ತಿದ್ದರು.

ಆಧಿಭೌತಿಕದಲ್ಲಿ ಮಂಗ, ಕಾಗೆ, ಕ್ರಿಕೆಟ್ ಚೆಂಡು, ತೆಂಗಿನ ಗರಿ. ನಮ್ಮ ಡಿಶ್ಶು ನೋಡುವ ಜಿಸ್ಯಾಟ್-15 ಎಂಬ ಉಪಗ್ರಹ 2015ರ ನವೆಂಬರಿನಲ್ಲಿ ಹಾರಿದ್ದು, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ಕೂತಿದೆ. ಅರಸೀಕೆರೆಯಿಂದ ಅದನ್ನು ನೋಡಬೇಕೆಂದರೆ ಆಗ್ನೇಯಕ್ಕೆ ತಿರುಗಿ ತಲೆಯನ್ನು ಸುಮಾರು 65 ಡಿಗ್ರಿ ಎತ್ತಬೇಕು. ಆಗ್ನೇಯ ಎಂದರೆ ಅಗ್ನಿಮೂಲೆ, ವಾಸ್ತುವಿನಲ್ಲಿ ಅಡಿಗೆಮನೆಯ ಜಾಗ. ಧಾರಾವಾಹಿಗೂ ಒಗ್ಗರಣೆಗೂ ಇರುವ ನಂಟು ಇಲ್ಲಿಂದಲೇ ಹುಟ್ಟಿತೇನೋ, ಸಂಶೋಧಿಸಬೇಕು. ನಮ್ಮೂರಲ್ಲಿ ತೆಂಗಿನ ಗರಿ ಅಡ್ಡ ಬಾರದ ದಿಕ್ಕು ಹುಡುಕುವುದೇ ಕಷ್ಟ. ನೆತ್ತಿಯ ಕಡೆ ಬಯಲಿದೆ ಅಂದುಕೊಂಡರೆ ಅಲ್ಲಿಂದ ಕಾಯಿ ಬೀಳುತ್ತದೆ.

ಈಗ ಪ್ರಶ್ನೆ: ಮೊಬೈಲ್ ಬಾಧೆ ಈ ಮೂರರಲ್ಲಿ ಯಾವುದು?

ಪೂರ್ವಪಕ್ಷ ಹೀಗಿದೆ. ಮನೆಯ ಹಿಂದಿನ ತೆಂಗಿನ ತೋಟದಲ್ಲಿ ಟವರು ಎದ್ದಿತು. ಟವರು ಎದ್ದ ಮೇಲೆ ಚಿತ್ರ ಒಡೆಯಿತು. ಆದ್ದರಿಂದ ಟವರೇ ಕಾರಣ, ತಾಪ ಆಧಿಭೌತಿಕ. ಪುಷ್ಟಿಗೆ ಮತ್ತೊಂದು ಸಾಕ್ಷ್ಯ ಉಂಟು: ನಮ್ಮ ಬೀದಿಯ ಏಳು ಮನೆಗಳಲ್ಲಿ ಇದೇ ರೋಗ, ಇದೇ ಹೊತ್ತು. ಒಂದು ಮನೆಯಾದರೆ ಆಕಸ್ಮಿಕ ಎನ್ನಬಹುದು. ಏಳು ಮನೆ ಎಂದರೆ ಅದು ಪ್ರಮಾಣ. ಈ ಪೂರ್ವಪಕ್ಷಿ ಯಾರೆಂದರೆ ನಾನೇ. ನಾಲ್ಕು ಪುಟದ ಅರ್ಜಿ ಬರೆದೆ, ಏಳೂ ಮನೆಯವರ ಸಹಿ ಹಾಕಿಸಿದೆ. ಮೇಲೆ ‘ಸಂಬಂಧಪಟ್ಟವರಿಗೆ’ ಎಂದು ದಪ್ಪಕ್ಷರದಲ್ಲಿ ಬರೆದೆ. ಸಂಬಂಧ ಯಾರಿಗೆ ಪಟ್ಟಿದೆ ಎಂಬುದು ಆಗ ನನಗೆ ತಿಳಿಯದು.

ಆಕ್ಷೇಪ ಬಂದದ್ದು ಪಕ್ಕದ ಮನೆಯಿಂದ. ಐಟಿಐ ಓದುವ ಹುಡುಗನೊಬ್ಬ ಇದ್ದಾನೆ ಅಲ್ಲಿ. ಅರ್ಜಿಯನ್ನು ಓದಿ, “ಸಾ, ಟವರು ಇರೋದು ಅಡ್ಡಕ್ಕೆ. ನಿಮ್ಮ ಡಿಶ್ ನೋಡ್ತಿರೋದು ಮೇಲಕ್ಕೆ. ಅದು ಇದನ್ನ ನೋಡೇ ಇಲ್ವಲ್ಲ ಸಾ,” ಎಂದ. ಅಷ್ಟಕ್ಕೆ ಬಿಡದೆ, ಡಿಶ್ಶಿಗೆ ಬರುವ ಅಲೆ 10700ರಿಂದ 12750 ಮೆಗಾಹರ್ಟ್ಸ್‌ವರೆಗಿನದು, ಆ ಎತ್ತರದಲ್ಲಿ ಯಾವ ಫೋನೂ ಮಾತಾಡುವುದಿಲ್ಲ ಎಂದ. ನಾನು ಛಂದಸ್ಸು ಬಲ್ಲವನು, ಸಂಖ್ಯೆಗೆ ಹೆದರುವವನಲ್ಲ. “ಹಾಗಾದ್ರೆ ಏಳು ಮನೇಲಿ ಹೆಂಗಯ್ಯ?” ಎಂದೆ. ಹುಡುಗ ಸುಮ್ಮನಾದ. ಪೂರ್ವಪಕ್ಷ ಗೆದ್ದಿತು.

ನ್ಯಾಯವಾಗಿ ಹೇಳಬೇಕೆಂದರೆ ಟವರು ನಿಜಕ್ಕೂ ಅಪರಾಧಿಯಾಗುವ ಪ್ರಸಂಗವೊಂದಿದೆ. ಅದು ನಮ್ಮಂಥವರ ಎರಡಡಿ ಛತ್ರಿಯದಲ್ಲ, ಕೇಬಲ್‌ನವರ ಮಹಡಿಯ ಮೇಲಿರುವ ಎಂಟಡಿ, ಹತ್ತಡಿ ದೊಡ್ಡ ಛತ್ರಿಯದು. ಅದು ಕೇಳುವುದು ಸಿ-ಬ್ಯಾಂಡನ್ನು, 3700ರಿಂದ 4200 ಮೆಗಾಹರ್ಟ್ಸ್. 2022ರಲ್ಲಿ 5ಜಿಗೆಂದು ಹರಾಜಾದದ್ದರಲ್ಲಿ 3300ರಿಂದ 3670ರವರೆಗಿನ ಪಟ್ಟಿಯೂ ಇತ್ತು. ಆ ವರ್ಷ ಅಕ್ಟೋಬರ್ 1ರಂದು ಸೇವೆ ಶುರುವಾಯಿತು. ನಡುವೆ ಉಳಿದ ಬದು ಬರೀ 30 ಮೆಗಾಹರ್ಟ್ಸ್. ಅಷ್ಟು ಕಿರಿದಾದ ಬದುವಿನ ಮೇಲೆ ನಮ್ಮ ತೋಟದಲ್ಲಿ ಒಂದು ಹುರುಳಿ ಬಳ್ಳಿಯನ್ನೂ ಹಬ್ಬಿಸಲಾರೆವು. ಅದರ ಮೇಲೆ, ಡಿಶ್ಶಿನ ಮೂತಿಯಲ್ಲಿರುವ ಎಲ್‌ಎನ್‌ಬಿ ಎಷ್ಟೋ ಕಡೆ 3400ರಿಂದಲೇ ಕಿವಿ ತೆರೆದು ಕೂತಿರುತ್ತದೆ. 36 ಸಾವಿರ ಕಿಲೋಮೀಟರ್ ಆಚೆಯಿಂದ ಉಪಗ್ರಹ ಪಿಸುಗುಟ್ಟುತ್ತಿರುವಾಗ ಪಕ್ಕದ ಬೀದಿಯ ಟವರು ತಮಟೆ ಬಾರಿಸಿದರೆ ಎಲ್‌ಎನ್‌ಬಿ ಮಂಕಾಗುತ್ತದೆ. ಇದಕ್ಕೆ ಪರಿಹಾರ ಫಿಲ್ಟರು, ತೂತುಳ್ಳ ಒಂದು ಲೋಹದ ಕೊಳವೆ. ಅದನ್ನು ಎಲ್‌ಎನ್‌ಬಿಗೆ ಮುಂಚೆ ಕೂರಿಸಬೇಕು, ಆಮೇಲಲ್ಲ. ಹುಳಿ ಬಿದ್ದು ಹಾಲು ಒಡೆದ ಮೇಲೆ ಸೋಸಿದರೆ ಸಿಗುವುದು ಹಾಲಲ್ಲ.

ನಮ್ಮ ಮನೆಯ ಛತ್ರಿಗೆ ಈ ಫಿಲ್ಟರು ಹತ್ತುವುದೂ ಇಲ್ಲ, ಬೇಕೂ ಇಲ್ಲ. ಇದು ಗೊತ್ತಾಗುವ ಮುಂಚೆ ಒಂದು ತರಿಸಿದ್ದೆ. ಅದರಲ್ಲೀಗ ಊದುಬತ್ತಿ ನಿಲ್ಲಿಸುತ್ತಿದ್ದೇವೆ.

ವಾದ ನಿಂತಲ್ಲಿ ಆಪ್ತವಾಕ್ಯ ಹುಡುಕಬೇಕು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ, 1982ರಿಂದ. ದೇಶದ ಇನ್ಸ್ಯಾಟ್, ಜಿಸ್ಯಾಟ್ ಉಪಗ್ರಹಗಳ ಲಗಾಮು ಅವರ ಕೈಯಲ್ಲಿ. 2005ರಿಂದ ಭೋಪಾಲದಲ್ಲಿ ಅದಕ್ಕೊಂದು ಜೋಡಿ. ಆಕಾಶದಲ್ಲಿರುವುದು ಹಾಸನದವರ ಮಾತು ಕೇಳುತ್ತದೆ, ಹಾಸನ ಜಿಲ್ಲೆಯ ನನ್ನ ತಾರಸಿಯಲ್ಲಿರುವುದು ನನ್ನ ಮಾತು ಕೇಳುವುದಿಲ್ಲ. ಅಲ್ಲಿ ಹೋಗಿ ಕೇಳೋಣವೆಂದು ಹೊರಟವನನ್ನು ಮನೆಯವಳು ತಡೆದಳು. “ರೀ, ಅವರು ರಾಕೆಟ್ ನೋಡ್ಕೊಳ್ಳೋರು. ನಮ್ಮ ಧಾರಾವಾಹಿ ನೋಡ್ಕೊಳ್ಳೋಕಾಗುತ್ತಾ? ಬೇಲೂರಿಗಾದ್ರೂ ಹೋಗ್ಬನ್ನಿ, ಪುಣ್ಯವಾದ್ರೂ ಬರುತ್ತೆ.” ಪ್ರಾಚೀನರೇ ಪರಮಾಪ್ತರು ಎಂದು ನನಗೂ ಅನ್ನಿಸಿತು.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಅಲ್ಲಿಂದ ಮುಂದೆ ಗೈಡುಗಳ ಸಿದ್ಧಾಂತಗಳಿಗೂ ವಿಶ್ವಮನ್ನಣೆ ದೊರೆತಂತಾಗಿದೆ. ದರ್ಪಣ ಸುಂದರಿಯ ಮುಂದೆ ನಿಂತು, ಆಕೆಯ ಕೈಯಲ್ಲಿರುವುದು ಕನ್ನಡಿಯೋ ಡಿಶ್ಶೋ ಎಂಬ ವಿಚಾರ ಮಾಡಿದೆ. ಇಂಥ ಕಡೆ ಅವಸರದ ಪಂಡಿತರು ಡಿಶ್ಶೇ ಎಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಎಲ್ಲಿ ಹುಡುಕಿದರೂ ಆಕೆಯ ಹತ್ತಿರ ಕೇಬಲ್ ಕಾಣಲಿಲ್ಲ. ಕೇಬಲ್ ಇಲ್ಲದ ಡಿಶ್ಶು ಕನ್ನಡಿಯೇ. ನವರಂಗದ ಮೇಲಿನ ಭುವನೇಶ್ವರಿ ಇದೆಯಲ್ಲ, ಬೋಗುಣಿ ಕವುಚಿದಂಥ ಕೆತ್ತನೆಯ ಚಾವಣಿ, ಅದು ಛತ್ರಿಯೇ ಎಂಬ ವಾದಕ್ಕೆ ಸ್ವಲ್ಪ ಹೆಚ್ಚು ಬಲವುಂಟು. ಆದರೆ ಕೆಳಮುಖವಾದ ಛತ್ರಿ ಹಿಡಿಯುವುದು ಆಕಾಶವನ್ನಲ್ಲ, ಕತ್ತು ನೋಯಿಸಿಕೊಂಡು ಮೇಲೆ ನೋಡುವ ಪ್ರವಾಸಿಗಳನ್ನು.

ಹಳೇಬೀಡಿನಲ್ಲಿ ನನಗೆ ಒಂದು ಉಪಯುಕ್ತ ಸತ್ಯ ಸಿಕ್ಕಿತು. ಹೊಯ್ಸಳರ ಜಗತಿ ನಕ್ಷತ್ರದ ಹಾಗೆ ಮೂಲೆಮೂಲೆಯಾಗಿದೆ. ನಮ್ಮ ಅರಸೀಕೆರೆಯ ಶಿವಾಲಯದ ಮಂಟಪವೂ ನಕ್ಷತ್ರವೇ. ಅಷ್ಟೊಂದು ಮೂಲೆಗಳಿದ್ದರೆ, ಯಾವ ದಿಕ್ಕಿನಲ್ಲಿ ಟವರು ಎದ್ದರೂ, ಅದಕ್ಕೆ ಕಾಣದ ಹಾಗೆ ಛತ್ರಿ ಬಚ್ಚಿಡಲು ಒಂದಲ್ಲ ಒಂದು ಮೂಲೆ ಉಳಿದಿರುತ್ತದೆ. ನಗಬೇಡಿ, ಇದು ಕೇಬಲ್‌ನವರೂ ಮಾಡುವ ಉಪಾಯ. ಛತ್ರಿಗೆ ಬೇಕಾದದ್ದು ಮೇಲಿನ ಆಕಾಶ, ಟವರು ಬರುವುದು ಅಡ್ಡದಿಂದ. ಎತ್ತರದಲ್ಲಿ ಇಟ್ಟಷ್ಟೂ ಒಳ್ಳೆಯದು ಎಂಬ ಭ್ರಮೆ ಹಳೆಯ ಏರಿಯಲ್ ಕಾಲದ್ದು. ಛತ್ರಿಯನ್ನು ತಾರಸಿಯಿಂದ ಇಳಿಸಿ, ಟವರಿನ ಕಡೆಗೊಂದು ಗೋಡೆಯೋ ನೀರಿನ ತೊಟ್ಟಿಯೋ ಬರುವಂತೆ ನೆಲದ ಮೇಲಿಟ್ಟರೂ ಉಪಗ್ರಹ ಕಾಣುತ್ತದೆ, ಟವರು ಮರೆಯಾಗುತ್ತದೆ. ಅಲ್ಲೇ ಹತ್ತಿರದ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯಲ್ಲಿ ಕನ್ನಡಿಯಂತೆ ನಯಗೊಳಿಸಿದ ಕಂಬಗಳಿವೆ. ಒಂದರ ತಗ್ಗಿನಲ್ಲಿ ನನ್ನ ಮುಖ ತಲೆಕೆಳಗಾಗಿ ಕಂಡಿತು. ಶಕುನ ಎಂದುಕೊಳ್ಳಲಿಲ್ಲ.

ಹಿಂತಿರುಗಿ ಬಂದವನೇ ಛತ್ರಿಯನ್ನು ತಾರಸಿಯಿಂದ ಇಳಿಸಿ ಹಿತ್ತಿಲ ಒಗೆಯುವ ಕಲ್ಲಿನ ಪಕ್ಕ ನೆಟ್ಟೆ. ಕೇಬಲ್ ಸಾಲಲಿಲ್ಲ. ಇನ್ನೊಂದು ಹತ್ತಡಿ ಹೊಸೆದೆ. ಉಪದ್ರವ ಇಮ್ಮಡಿಯಾಯಿತು!

ಆಗ ನೆನಪಾದದ್ದು ಎತ್ತಿನ ಗಾಡಿ. 1981ರಲ್ಲಿ ಬೆಂಗಳೂರಿನಲ್ಲಿ ಆ್ಯಪಲ್ ಎಂಬ ಉಪಗ್ರಹದ ಆಂಟೆನಾ ಪರೀಕ್ಷೆ ನಡೆದಾಗ ಸುತ್ತಲಿನ ಲೋಹದಿಂದ ಅಲೆಗಳು ಪ್ರತಿಫಲಿಸಿ ಗೊಂದಲವಾಗುತ್ತಿತ್ತು. ಇಸ್ರೋದವರು ಉಪಗ್ರಹವನ್ನು ಮರದ ಎತ್ತಿನ ಗಾಡಿಯ ಮೇಲೆ ಕೂರಿಸಿ ಬಯಲಿಗೆ ಒಯ್ದರು. ಆ ಫೋಟೋ ಜಗತ್ತೆಲ್ಲ ಸುತ್ತಿದೆ. ಹಿಂದುಳಿದ ದೇಶದ ಗುರುತೆಂದು ನಕ್ಕವರಿಗೆ, ಅದು ತಡೆಗೆ ಹುಡುಕಿದ ಅತಿ ಅಗ್ಗದ ಮದ್ದೆಂಬುದು ಹೊಳೆಯಲಿಲ್ಲ. ಅದೇ ವರ್ಷದ ಜೂನ್ 19ರಂದು ಆ್ಯಪಲ್ ಹಾರಿತು. ನಾನೂ ಗಾಡಿ ವಿಚಾರಿಸಿದೆ. ಬೀದಿಯಲ್ಲಿ ಉಳಿದಿದ್ದ ಒಂದೇ ಗಾಡಿಯ ಯಜಮಾನರು ಎತ್ತುಗಳನ್ನು ಮಾರಿದ್ದರು. “ನೊಗಕ್ಕೆ ನೀವೇ ಹೆಗಲು ಕೊಟ್ರೆ ಗಾಡಿ ಕೊಡ್ತೀನಿ ಮೇಷ್ಟ್ರೇ,” ಎಂದರು.

ಹುಡುಗ ಅಷ್ಟರಲ್ಲಿ ಮತ್ತೆ ಬಂದ. “ಸಾ, ಕೇಬಲ್‌ನ ಜಾಯಿಂಟು ಒಂದ್ಸಲ ನೋಡ್ಲಾ?” ಎಂದ. ಇಲ್ಲಿ ನಾನು ಒಂದು ಮಾತು ಆಡಿದೆ. ಅಶ್ವತ್ಥಕಟ್ಟೆಯ ಮೇಲೆ, ನಾಲ್ಕು ಜನರ ಎದುರು: “ನನ್ನ ಜಾಯಿಂಟಲ್ಲಿ ದೋಷ ಇದ್ರೆ ಈ ಬಲಗೈ ಕತ್ತರಿಸ್ಕೋತೀನಿ.”

ಬೇಲೂರಿಗೆ ಹೋಗಿ ಬಂದವನು ಆಡಬಾರದಿದ್ದ ಮಾತು ಅದು. ಅಲ್ಲಿನ ಕಪ್ಪೆ ಚೆನ್ನಿಗರಾಯನ ಕಥೆ ಯಾರಿಗೆ ಗೊತ್ತಿಲ್ಲ? ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷವಿದೆ ಎಂದು ಪರದೇಶಿ ಹುಡುಗನೊಬ್ಬ ಹೇಳುತ್ತಾನೆ. ಇದ್ದರೆ ಬಲಗೈ ಕತ್ತರಿಸಿಕೊಳ್ಳುವೆನೆಂದು ಜಕಣ ಆಣೆ ಇಡುತ್ತಾನೆ. ಮೂರ್ತಿಗೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಹಸಿ ಉಳಿಯುತ್ತದೆ. ಉಳಿ ತಾಗಿಸಿದರೆ ಒಳಗಿಂದ ನೀರು, ಮರಳು, ಕಪ್ಪೆ. ಹುಡುಗ ಬೇರೆ ಯಾರೂ ಅಲ್ಲ, ಅವನ ಮಗ ಡಂಕಣ. ಇದು ದಂತಕಥೆ. ಶಾಸನಗಳಲ್ಲಿ ಸಿಗುವ ಹೆಸರುಗಳು ಬೇರೆ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಹೊಯ್ಸಳ ಶಿಲ್ಪಿಗಳು ಮೂರ್ತಿಯ ಅಡಿಯಲ್ಲಿ ಊರು, ಬಿರುದು ಸಮೇತ ಹೆಸರು ಕೆತ್ತುತ್ತಿದ್ದರು. ನಾನು ಜಾಯಿಂಟುಗಳ ಮೇಲೆ ಹೆಸರು ಬರೆಯುವವನಲ್ಲ. ವಿನಯ.

ಹುಡುಗ ಗಂಧ ತರಲಿಲ್ಲ. ಅಡಿಗೆಮನೆಯಿಂದ ರೊಟ್ಟಿ ಸುತ್ತುವ ಅಲ್ಯುಮಿನಿಯಂ ಹಾಳೆ ತಂದ. ಧಾರಾವಾಹಿಯ ಹೊತ್ತಿಗೆ ಸರಿಯಾಗಿ, ಛತ್ರಿಯ ಕಡೆಯಿಂದ ಶುರು ಮಾಡಿ, ಒಂದೊಂದೇ ಜಾಯಿಂಟಿಗೆ ಹಾಳೆ ಸುತ್ತಿ ಮುಷ್ಟಿಯಲ್ಲಿ ಅಮುಕಿದ. ಒಳಗಿನಿಂದ ಮನೆಯವಳು ಕೂಗಿ ಹೇಳಬೇಕು. ಮೊದಲನೆಯದಕ್ಕೆ “ಇಲ್ಲ”. ಎರಡನೆಯದಕ್ಕೆ “ಇಲ್ಲ ಕಣಪ್ಪ”. ಮೂರನೆಯದು ಕಿಟಕಿಯ ಚೌಕಟ್ಟಿನ ಹತ್ತಿರ, ಸಜ್ಜಾದ ಕೆಳಗೆ ಇತ್ತು. ಸುತ್ತಿ ಅಮುಕಿದ್ದೇ “ಬಂತು! ಬಂತು! ಅತ್ತೆ ಬಂದ್ಲು!” ಎಂಬ ಕೂಗು. ಕೈ ಬಿಟ್ಟ, ಅತ್ತೆ ಹೋದಳು. ಅಮುಕಿದ, ಬಂದಳು. ಮೂರು ಸಲ ಹೀಗಾಯಿತು. ಆಮೇಲೆ ಟೇಪು ಬಿಚ್ಚಿದ. ಹತ್ತು ಸುತ್ತು ಟೇಪಿನ ಒಳಗಿಂದ ಒಂದು ಹನಿ ಕಂದು ನೀರು, ಚಿಟಿಕೆ ಮಣ್ಣು. ಕಪ್ಪೆ ಇರಲಿಲ್ಲ. ಇರುವೆ ಇದ್ದವು, ಮೊಟ್ಟೆ ಸಮೇತ.

“ಸಾ, ಇದು ಕೇಬಲ್ ಅಲ್ಲ, ಏರಿಯಲ್ಲು,” ಎಂದ.

ಭಾಷ್ಯ: ಛತ್ರಿ ಹಿಡಿದ ಅಲೆಯನ್ನು ಹಾಗೆಯೇ ಕೇಬಲ್ಲಿಗೆ ಬಿಡುವುದಿಲ್ಲ. ಅಷ್ಟು ಎತ್ತರದ ಅಲೆ ಕೇಬಲ್ಲಿನಲ್ಲಿ ನಾಲ್ಕು ಮಾರು ಹೋಗುವುದರೊಳಗೆ ಸುಸ್ತಾಗುತ್ತದೆ. ಅದಕ್ಕೆ ಎಲ್‌ಎನ್‌ಬಿ ಅದನ್ನು ಲಕ್ಷ ಪಟ್ಟಿಗೂ ಮೀರಿ ಹಿಗ್ಗಿಸಿ, ಅದರ ಆವರ್ತನದಿಂದ 9750 ಅಥವಾ 10600 ಮೆಗಾಹರ್ಟ್ಸನ್ನು ಕಳೆದು, 950ರಿಂದ 2150ರ ನಡುವೆ ಇಳಿಸಿ ಕೆಳಗೆ ಕಳಿಸುತ್ತದೆ. 11590ರಲ್ಲಿ ಬಂದದ್ದು 9750 ಕಳೆದರೆ 1840. ಈಗ ಎದುರಾಳಿಯ ಲೆಕ್ಕ ನೋಡಿ. ಟವರು ಫೋನಿಗೆ ಮಾತಾಡುವ ಒಂದು ಪಟ್ಟಿ 1805ರಿಂದ 1880, ಫೋನು ಟವರಿಗೆ ಮರುಮಾತಾಡುವುದು 1710ರಿಂದ 1785. ಆಕಾಶದಲ್ಲಿ ಎಂದೂ ಭೇಟಿಯಾಗದ ಇಬ್ಬರು ನಮ್ಮ ಕಿಟಕಿಯ ಹತ್ತಿರ ಮುಖಾಮುಖಿಯಾಗುತ್ತಾರೆ. ಕೇಬಲ್ಲಿನ ನಡುವಿನ ತಾಮ್ರಕ್ಕೆ ಮೇಲೊಂದು ಲೋಹದ ಜಡೆಯ ಕವಚವಿರುವುದು ಇವರಿಬ್ಬರನ್ನು ದೂರ ಇಡುವುದಕ್ಕಾಗಿಯೇ. ಸಿಪ್ಪೆಯ ಜೊತೆ ಹಲ್ಲಿನಿಂದ ನಾನು ಕಿತ್ತು ಉಗುಳುತ್ತಿದ್ದದ್ದು ಅದೇ ಜಡೆಯನ್ನು.

ಕೆಲವೇ ಚಾನೆಲ್ಲುಗಳು ಯಾಕೆ ಹೋಗುತ್ತಿದ್ದವು? ಒಂದು ಟ್ರಾನ್ಸ್‌ಪಾಂಡರಿನಲ್ಲಿ ಒಟ್ಟಿಗೆ ಕೂತು ಬರುವ ಚಾನೆಲ್ಲುಗಳು ಟವರಿನ ಪಟ್ಟಿಯ ಮೇಲೆಯೇ ಇಳಿದಿದ್ದವು. ಮಳೆಗೆ ಪಕ್ಷಪಾತವಿಲ್ಲ, ಎಲ್ಲವನ್ನೂ ಒಯ್ಯುತ್ತದೆ. ಒಂದು ಗುಂಪು ಮಾತ್ರ ಹೋದರೆ ಕೇಬಲ್ ನೋಡಬೇಕು. ಸಂಜೆ ಏಳಕ್ಕೇ ಯಾಕೆ? ಆಗ ಊರೆಲ್ಲ ಫೋನು ಹಿಡಿಯುತ್ತದೆ, ಟವರಿಗೆ ಮೈತುಂಬ ಕೆಲಸ. ಅದೂ ಅಲ್ಲದೆ ನಾನು ಫೋನಿಡುತ್ತಿದ್ದದ್ದು ಅದೇ ಕಿಟಕಿಯ ದಂಡೆಯ ಮೇಲೆ, ಜಾಯಿಂಟಿಗೆ ಒಂದು ಗೇಣು ದೂರದಲ್ಲಿ. ಮನೆಯೊಳಗೆ ಸಿಗ್ನಲ್ ಚೆನ್ನಾಗಿ ಸಿಗುತ್ತಿದ್ದ ಜಾಗ ಅದೊಂದೇ.

ಆದ್ದರಿಂದ ಸಿದ್ಧಾಂತ: ತಾಪ ಆಧ್ಯಾತ್ಮಿಕ. ಚಿಕಿತ್ಸೆಯನ್ನು ಹುಡುಗ ಅರ್ಧ ಗಂಟೆಯಲ್ಲಿ ಮುಗಿಸಿದ. ಛತ್ರಿಯಿಂದ ಪೆಟ್ಟಿಗೆಯವರೆಗೆ ತುಂಡಿಲ್ಲದ ಒಂದೇ ಆರ್‌ಜಿ-6 ಕೇಬಲ್. ಎರಡೂ ತುದಿಯಲ್ಲಿ ಜಡೆಯನ್ನು ಹಿಂದಕ್ಕೆ ಮಡಚಿ, ಎಫ್ ಕನೆಕ್ಟರು ತೂರಿಸಿ, ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿದ. ಮನೆಯೊಳಗೆ ನುಗ್ಗುವ ಮುಂಚೆ ಕೇಬಲ್ಲನ್ನು ಒಂದು ಗೇಣು ಕೆಳಕ್ಕೆ ಜೋತುಬಿಟ್ಟ, ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗಲೆಂದು. ಫೋನಿಗೆ ದಂಡೆಯಿಂದ ಗಡೀಪಾರು. ಟವರು ತೋಟದಲ್ಲಿ ಹಾಗೆಯೇ ನಿಂತಿದೆ, ಅತ್ತೆ ಸೊಸೆಯರ ಮುಖಗಳು ಅವರವರ ಜಾಗದಲ್ಲೇ ಇವೆ.

ಬಲಗೈಯ ವಿಷಯ ಕಟ್ಟೆಯಲ್ಲಿ ಎರಡು ದಿನ ಚರ್ಚೆಯಾಯಿತು. ಕತ್ತರಿಸಿಕೊಂಡ ಕೈ ಜಕಣನಿಗೆ ಮತ್ತೆ ಬಂದದ್ದು ತುಮಕೂರು ಕಡೆಯ ಕೈದಾಳದಲ್ಲಿ, ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಎನ್ನುತ್ತಾರೆ. ಗುಡಿ ಕಟ್ಟಿಸುವ ಶಕ್ತಿ ನನ್ನ ಪಿಂಚಣಿಗಿಲ್ಲ. ಆದ್ದರಿಂದ ಕೇಬಲ್ಲನ್ನು ಮಾತ್ರ ಕತ್ತರಿಸಿದ್ದೇನೆ.

ಉಳಿದದ್ದು ಒಂದೇ ಶಂಕೆ, ಹುಡುಗನ ಬಾಯಿ ಮುಚ್ಚಿಸಿದ್ದ ನನ್ನದೇ ಪ್ರಶ್ನೆ. ಏಳು ಮನೆಯಲ್ಲಿ ಹೇಗೆ? ಮೊನ್ನೆ ಅವನು ಅರ್ಜಿಯ ಸಹಿಗಳ ಮೇಲೆ ಬೆರಳಾಡಿಸುತ್ತ, “ಸಾ, ಈ ಏಳೂ ಮನೆ ಕೇಬಲ್ಲು ಯಾರು ಎಳ್ದಿದ್ದು?” ಎಂದ. ಕೋಡುಬಳೆಗಳು ಒಂದೊಂದಾಗಿ ನೆನಪಿಗೆ ಬಂದವು. ಅರ್ಜಿಯನ್ನು ಇಸಿದುಕೊಂಡು ಮಡಚಿ, ಅಲುಗಾಡುತ್ತಿದ್ದ ಟೀವಿ ಸ್ಟ್ಯಾಂಡಿನ ಕಾಲಿನ ಕೆಳಗೆ ಒತ್ತಿದೆ.

ಹುಡುಗ ಈಗ ಕ್ರಿಂಪಿಂಗ್ ಟೂಲು ಹಿಡಿದು ಎದುರುಮನೆಯ ಮೆಟ್ಟಿಲು ಹತ್ತುತ್ತಿದ್ದಾನೆ. ಹಳೇ ಜಾಯಿಂಟು ಯಾರು ಹಾಕಿದ್ದು ಎಂದು ಕೇಳಿದರೆ, ಜಕಣಾಚಾರಿ ಎನ್ನು ಎಂದು ಹೇಳಿಕೊಟ್ಟಿದ್ದೇನೆ.